ಹೊಲದ ಹೊನ್ನು, ಯಂತ್ರದ ಕಿವಿ

(ಬಾನುಲಿ ಭಾಷಣ)

ಕಲಬುರಗಿಯ ಶರಣಬಸವೇಶ್ವರರ ಜಾತ್ರೆ ನಡೆಯುವುದು ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ. ಹಿಂಗಾರಿಯ ಜೋಳದ ರಾಶಿ ಮುಗಿಸಿದ ಒಕ್ಕಲು ಮಕ್ಕಳು ಊರೂರುಗಳಿಂದ ಬಂದು ಸೇರುತ್ತಾರೆ. ಕೆಲವು ವರ್ಷಗಳ ಹಿಂದೆ ಆ ಸಂದಣಿಯಲ್ಲಿ ನಾನೂ ಇದ್ದೆ. ದೇವಸ್ಥಾನದ ದಾರಿಯಲ್ಲಿ ಪೊಲೀಸರು ಲೋಹ ಶೋಧಕದ ಚೌಕಟ್ಟೊಂದನ್ನು ನಿಲ್ಲಿಸಿದ್ದರು. ನನ್ನ ಮುಂದಿದ್ದ ಮುದುಕರೊಬ್ಬರು ಅದನ್ನು ದಾಟಿದೊಡನೆ ಅದು ಕೂಗಿಕೊಂಡಿತು. ಅವರು ಸಂಕೋಚದಿಂದ ಸೊಂಟದ ಚಂಚಿಯನ್ನು ಬಿಚ್ಚಿ ತೋರಿಸಿದರು. ಎಲೆ, ಅಡಕೆ, ಸುಣ್ಣದ ಡಬ್ಬಿ, ಒಂದು ಹಳೆಯ ಅಡಕೊತ್ತು. ಪೊಲೀಸಿನವರು ನಕ್ಕು ಬಿಟ್ಟರು. ಮುದುಕರು ಮಾತ್ರ ನಗಲಿಲ್ಲ. ನನ್ನ ವೇಷವನ್ನು ನೋಡಿ ಮಾಸ್ತರನಿರಬೇಕೆಂದು ಸರಿಯಾಗಿಯೇ ಊಹಿಸಿ, ಹತ್ತಿರ ಬಂದು ಕೇಳಿದರು:

"ಮಾಸ್ತರ, ಚಂಚ್ಯಾಗಿನ ಅಡಕೊತ್ತು ಹಿಡೀತದಂದ್ರ, ಇದು ಹೊಲ್ದಾಗಿನ ಬಂಗಾರ ಭಿ ಹಿಡೀತದೇನ್ರಿ?"

"ಹಿಡೀತದ ಕಾಕಾ, ಆದ್ರ..." ಎಂದೆ. ಅಷ್ಟರಲ್ಲಿ ಹಿಂದಿನಿಂದ ಬಂದ ಜನಪ್ರವಾಹ ಅವರನ್ನು ಒಂದು ಕಡೆಗೂ ನನ್ನನ್ನು ಇನ್ನೊಂದು ಕಡೆಗೂ ಒಯ್ದಿತು. ಆ 'ಆದ್ರ' ಎಂಬುದರ ಮುಂದಿನ ಮಾತು ಇಷ್ಟು ವರ್ಷ ನನ್ನಲ್ಲಿಯೇ ಉಳಿದುಬಿಟ್ಟಿದೆ. ಇಂದು ಅದನ್ನು ಹೇಳುವ ಪ್ರಯತ್ನ ಮಾಡುತ್ತೇನೆ.

ಆ ಪ್ರಶ್ನೆ ಆ ಸ್ಥಳದಲ್ಲಿಯೇ ಹುಟ್ಟಿದ್ದರಲ್ಲಿ ಒಂದು ಔಚಿತ್ಯವಿದೆ. ಅದೇ ಜಾತ್ರೆಯಲ್ಲಿ ಭಕ್ತರಿಗೆ ದರ್ಶನ ಮಾಡಿಸುವುದು ಶರಣರ ಪರುಷ ಬಟ್ಟಲನ್ನು. ಪರುಷವೆಂದರೆ ಸೋಂಕಿದ ಕಬ್ಬಿಣವನ್ನು ಹೊನ್ನಾಗಿಸುವ ಕಲ್ಲು ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಶರಣಬಸವೇಶ್ವರರು ಹೊನ್ನು ಮಾಡಲು ಹೊರಟವರಲ್ಲ. ಅವರು ಒಕ್ಕಲುತನದಿಂದ ಬಂದು ದಾಸೋಹದಲ್ಲಿ ನೆಲೆನಿಂತವರು. ಹೊಲದ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ ತಿನ್ನಲು ಬಿಟ್ಟರೆಂಬ, ಆದರೂ ರಾಶಿ ಕಡಿಮೆಯಾಗಲಿಲ್ಲವೆಂಬ ಐತಿಹ್ಯ ನಮ್ಮ ಭಾಗದಲ್ಲಿ ಮನೆಮಾತಾಗಿದೆ. ಹೊಲ ಕೊಡುವ ಸಂಪತ್ತು ಯಾವುದು ಎಂಬ ಪ್ರಶ್ನೆಗೆ ಅದೂ ಒಂದು ಉತ್ತರ.

ನೆಲದೊಳಗಿನ ಹೊನ್ನಿನ ಆಸೆಯಾದರೋ ಅದಕ್ಕಿಂತ ಬಹಳ ಹಳೆಯದು. ಕೊಪ್ಪರಿಗೆಯನ್ನು ಸರ್ಪ ಕಾಯುತ್ತದೆ ಎಂದರು. ಅಂಗೈಗೆ ಅಂಜನ ಹಚ್ಚಿದರೆ ನಿಧಿ ಕಾಣುತ್ತದೆ ಎಂದರು. ಈ ನಂಬಿಕೆಯ ಬೆನ್ನು ಹತ್ತಿ ಹಾಳು ಗುಡಿಗಳ ಪೀಠಗಳನ್ನು ಕಿತ್ತವರು, ನಂದಿಯ ಹೊಟ್ಟೆಯನ್ನು ಒಡೆದವರು, ವೀರಗಲ್ಲುಗಳನ್ನು ಉರುಳಿಸಿದವರು ಎಷ್ಟು ಮಂದಿಯೋ! ಹಳ್ಳಿಗಳನ್ನು ಸುತ್ತಿದವರೆಲ್ಲ ಇಂಥ ಗಾಯಗಳನ್ನು ಕಂಡಿದ್ದಾರೆ. ಈಗ ಅಂಜನದ ಸ್ಥಾನಕ್ಕೆ ಯಂತ್ರ ಬಂದಿದೆ. ಅಂಜನಕ್ಕೆ ಏನೂ ಕಾಣುತ್ತಿರಲಿಲ್ಲ. ಯಂತ್ರಕ್ಕೆ ಅಲ್ಪಸ್ವಲ್ಪ ಕೇಳಿಸುತ್ತದೆ. ಅಪಾಯ ಹೆಚ್ಚಿರುವುದು ಅದರಿಂದಲೇ.

ಈ ಯಂತ್ರದ ಮರ್ಮ ಕಠಿಣವಾದುದಲ್ಲ. ಕೋಲಿನ ತುದಿಯ ತಟ್ಟೆಯೊಳಗೆ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತನ್ನು ಹರಿಸಿದಾಗ ಸುತ್ತಲೂ ಏರಿಳಿಯುವ ಕಾಂತಕ್ಷೇತ್ರವೊಂದು ಹುಟ್ಟಿ ನೆಲದೊಳಕ್ಕೆ ಇಳಿಯುತ್ತದೆ. ಅಲ್ಲಿ ಲೋಹದ ತುಣುಕಿದ್ದರೆ ಅದರ ಮೈಯಲ್ಲಿ ಸಣ್ಣ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳಿಂದ ಮತ್ತೊಂದು ಪುಟ್ಟ ಕಾಂತಕ್ಷೇತ್ರ ಹುಟ್ಟಿ ಮೇಲಿನದನ್ನು ಕದಡುತ್ತದೆ. ಆ ಕದಡುವಿಕೆಯನ್ನು ಯಂತ್ರ ಗುರುತಿಸಿ ನಮ್ಮ ಕಿವಿಗೆ ಧ್ವನಿಯಾಗಿ ಮುಟ್ಟಿಸುತ್ತದೆ. ಬಾವಿಯೊಳಗೆ ಕೂಗಿ ಮಾರ್ದನಿಗಾಗಿ ಕಾಯುವಂತೆಯೇ ಇದು.

ಇದರ ಆರಂಭದ ಕಥೆ ಕೇಳತಕ್ಕದ್ದು. 1881ರ ಜುಲೈ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಗುಂಡು ದೇಹದಲ್ಲಿ ಎಲ್ಲಿದೆ ಎಂಬುದು ತಿಳಿಯಲಿಲ್ಲ. ದೂರವಾಣಿಯ ನಿರ್ಮಾತೃ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಾನು ರೂಪಿಸಿದ ಸಾಧನವನ್ನು ಹೊತ್ತು ಬಂದ. ಆದರೆ ಹಾಸಿಗೆಯೊಳಗೆ ಉಕ್ಕಿನ ಸುರುಳಿಗಳಿದ್ದುದರಿಂದ ಧ್ವನಿ ಗೊಂದಲವಾಯಿತು. ಅಷ್ಟೇ ಅಲ್ಲ, ಮುಖ್ಯ ವೈದ್ಯ ಗುಂಡು ಬಲಭಾಗದಲ್ಲಿದೆ ಎಂದು ನಂಬಿದ್ದುದರಿಂದ ಅಲ್ಲಿ ಮಾತ್ರ ಹುಡುಕಲು ಅವಕಾಶ ದೊರೆಯಿತು. ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ತೀರಿಕೊಂಡ ಮೇಲೆ ನೋಡಿದರೆ ಗುಂಡು ಎಡಭಾಗದಲ್ಲಿತ್ತು! ಯಂತ್ರದ ಕಿವಿ ಎಷ್ಟೇ ಚುರುಕಾಗಿರಲಿ, ಹಿಡಿದವನ ಪೂರ್ವಗ್ರಹವನ್ನು ಅದು ದಾಟಲಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗಲಾರದು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ನೆಲಬಾಂಬುಗಳನ್ನು ಪತ್ತೆಹಚ್ಚಲು ಈ ಯಂತ್ರ ಕೈಗೆ ಹಗುರವಾಗಿ ಬೆಳೆಯಿತು. ಯುದ್ಧಾನಂತರ ಹವ್ಯಾಸಿಗಳ ಹೆಗಲೇರಿತು.

ನಮ್ಮ ನೆಲಕ್ಕೆ ಬಂದಾಗ ಈ ಯಂತ್ರ ಏನು ಮಾಡೀತು? ಕಲಬುರಗಿಯ ಸುತ್ತಲಿನದು ಹೆಚ್ಚಾಗಿ ಎರೆಭೂಮಿ. ಕಪ್ಪು ಶಿಲೆ ಸವೆದು ಆದ ಈ ಮಣ್ಣಿನಲ್ಲಿ ಕಾಂತಗುಣದ ಕಣಗಳಿರುವುದರಿಂದ ಬರಿಯ ಮಣ್ಣೇ ಯಂತ್ರವನ್ನು ಕೂಗಿಸಬಲ್ಲದು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆಗೆ ಹೋದರೆ ಕಬ್ಬಿಣದ ಅಂಶದಿಂದಲೇ ಬಣ್ಣ ಪಡೆದ ಕೆಂಪು ಮಣ್ಣು ಸಿಗುತ್ತದೆ. ಅಲ್ಲಿಯೂ ಯಂತ್ರಕ್ಕೆ ಭ್ರಮೆ ತಪ್ಪಿದ್ದಲ್ಲ. ಇದನ್ನು ಸರಿದೂಗಿಸುವ ಉಪಾಯಗಳು ಈಗ ಇವೆಯಾದರೂ, ಒಂದು ಬಿಡಿ ನಾಣ್ಯವನ್ನು ಸಾಮಾನ್ಯ ಯಂತ್ರ ಗುರುತಿಸುವುದು ಸುಮಾರು ಒಂದು ಗೇಣಿನ ಆಳದವರೆಗೆ ಮಾತ್ರ. ಆ ಗೇಣಿನೊಳಗೆ ಏನಿರುತ್ತದೆ ಎಂಬುದನ್ನು ಒಕ್ಕಲಿಗರು ಬಲ್ಲರು. ಎತ್ತಿನ ಲಾಳದ ಮೊಳೆ, ಮುರಿದ ಕುಡದ ಚೂರು, ಟ್ರ್ಯಾಕ್ಟರಿನಿಂದ ಕಳಚಿದ ನಟ್ಟು, ಗುಟ್ಕಾದ ಹೊಳೆಯುವ ಹಾಳೆ. ಯಂತ್ರ ಎಲ್ಲಕ್ಕೂ ಕೂಗುತ್ತದೆ. 'ಇಲ್ಲಿ ಲೋಹವಿದೆ' ಎನ್ನುವುದಷ್ಟೇ ಅದರ ಭಾಷೆ. ಯಾರದು, ಎಂದಿನದು, ಏಕೆ ಇಲ್ಲಿದೆ ಎಂಬ ವಾಕ್ಯಗಳು ಅದಕ್ಕೆ ಬಾರವು.

ಎರೆಯ ಇನ್ನೊಂದು ಸ್ವಭಾವವನ್ನೂ ಹೇಳಬೇಕು. ಬೇಸಿಗೆಯಲ್ಲಿ ಅದು ಮೊಳದುದ್ದ ಬಿರಿಯುತ್ತದೆ. ಮೇಲಿದ್ದದ್ದು ಬಿರುಕಿಗೆ ಬೀಳುತ್ತದೆ. ಮಳೆಗೆ ಮಣ್ಣು ಉಬ್ಬಿ ಬಾಯಿ ಮುಚ್ಚುತ್ತದೆ. ಕೆಳಗಿದ್ದದ್ದು ಮೆಲ್ಲಗೆ ಮೇಲೇಳುತ್ತದೆ. ಎರೆ ತನ್ನನ್ನು ತಾನೇ ಉಳುವ ನೆಲ. ಆದ್ದರಿಂದ ಆಳದಲ್ಲಿ ಸಿಕ್ಕಿದ್ದೆಲ್ಲ ಹಳೆಯದಲ್ಲ, ಮೇಲೆ ಸಿಕ್ಕಿದ್ದೆಲ್ಲ ಹೊಸದಲ್ಲ. ಇದನ್ನು ಬಿಡಿಸಿ ಓದಲು ಸುತ್ತಲಿನ ಮಣ್ಣು, ಮಡಕೆಯ ಚೂರು, ಬೂದಿ ಎಲ್ಲವೂ ಇದ್ದಲ್ಲಿಯೇ ಇರಬೇಕಾಗುತ್ತದೆ.

ಇನ್ನು, ನಮ್ಮ ಹೊಲಗಳಲ್ಲಿ ನಿಜವಾಗಿ ಬೆಲೆಯುಳ್ಳದ್ದು ಯಾವುದು? ಅದರಲ್ಲಿ ಬಹುಭಾಗಕ್ಕೆ ಈ ಯಂತ್ರ ಕಿವುಡು. ಹಿಂದೆ ಕಲಬುರಗಿ ಜಿಲ್ಲೆಯಲ್ಲಿದ್ದು ಈಗ ಯಾದಗಿರಿಗೆ ಸೇರಿರುವ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವನು ಕಲ್ಲಿನ ಆಯುಧಗಳನ್ನು ಮಾಡುತ್ತಿದ್ದ ಕಮ್ಮಟವೇ ಸಿಕ್ಕಿತು. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ಅಲ್ಲಿ ಉತ್ಖನನ ಮಾಡಿದರು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಿನದೆಂದು ಲೆಕ್ಕ ಹಾಕಲಾಗಿದೆ. ಯಂತ್ರವನ್ನು ಅದರ ಮೇಲೆ ದಿನವಿಡೀ ಆಡಿಸಿದರೂ ಒಂದು ಸೊಲ್ಲು ಹೊರಡದು. ಕಲ್ಲಿಗೆ ಅದು ಮಾತಾಡುವುದಿಲ್ಲ. ಚಿತ್ತಾಪುರ ತಾಲ್ಲೂಕಿನ ಭೀಮಾ ತೀರದ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ 1994ರಿಂದ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯವರು ಅಗೆದು ತೆಗೆದ ಮಹಾಸ್ತೂಪವೂ ಸುಣ್ಣಕಲ್ಲಿನದು. ಅಲ್ಲಿನ ಒಂದು ಶಿಲ್ಪಫಲಕದ ಮೇಲೆ ರಾಜನ ಆಕೃತಿ, ಜೊತೆಗೆ ಬ್ರಾಹ್ಮಿಯಲ್ಲಿ 'ರಾಯ ಅಸೋಕೊ' ಎಂಬ ಹೆಸರು. ಅಶೋಕನ ಹೆಸರನ್ನೇ ಬರೆದ ಅವನ ಚಿತ್ರ ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಮಲಗಿತ್ತು! ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂಬುದು ಬೆಳಕಿಗೆ ಬಂತು. ಶತಮಾನಗಳ ಕಾಲ ಅದರ ಮೇಲೆ ಹೂವು ಕುಂಕುಮ ಬಿದ್ದಿರಬೇಕು. ಓದುವ ಕಣ್ಣು ಬಿದ್ದಿರಲಿಲ್ಲ.

ಕಾಗಿಣಾ ದಂಡೆಯ ಮಳಖೇಡವನ್ನು ನೆನೆಯಿರಿ. ನೃಪತುಂಗನ ರಾಜಧಾನಿ ಮಾನ್ಯಖೇಟ ಅದು. ಕವಿರಾಜಮಾರ್ಗ ರೂಪುಗೊಂಡ ಆಸ್ಥಾನದ ನೆಲ. ಕಲಬುರಗಿಯೂ 1347ರಿಂದ ಬಹಮನಿ ಸುಲ್ತಾನರ ರಾಜಧಾನಿಯಾಗಿ, ಅಹಸನಾಬಾದ್ ಎಂಬ ಹೆಸರಿನಲ್ಲಿ ನಾಣ್ಯ ಟಂಕಿಸಿದ ಊರು. ಇಂಥ ಸೀಮೆಯಲ್ಲಿ ನೇಗಿಲ ಗೆರೆಗೆ ಹಳೆಯ ಲೋಹ ತಾಗುವುದು ಆಶ್ಚರ್ಯವಲ್ಲ. ತಾಗಿದ ಮೇಲೆ ಏನಾಗುತ್ತದೆ ಎಂಬುದೇ ಪ್ರಶ್ನೆ. ಅದಕ್ಕೆ ನನ್ನ ಮನೆಯದೇ ಒಂದು ಕಥೆ ಇದೆ.

ನಾನು ಹುಡುಗನಾಗಿದ್ದಾಗ ಭೀಮಾ ತೀರದ ನಮ್ಮ ಹೊಲದಲ್ಲಿ ದೊಡ್ಡಪ್ಪ ಕುಂಟೆ ಹೊಡೆಯುತ್ತಿದ್ದಾಗ ಒಂದು ಗಡಿಗೆ ಒಡೆಯಿತು. ಒಳಗೆ ಬಿಲ್ಲೆಗಳು. ದೊಡ್ಡಪ್ಪನ ಕೈ ನಡುಗಿದ್ದು ನನಗೆ ಇಂದಿಗೂ ನೆನಪಿದೆ. ಒಂದನ್ನು ಕಲ್ಲಿಗೆ ತಿಕ್ಕಿ ನೋಡಿದರು, ಹಲ್ಲಿಗೆ ಕಚ್ಚಿ ನೋಡಿದರು. ಬಂಗಾರವಲ್ಲ, ಬೆಳ್ಳಿಯೂ ಅಲ್ಲ, ಬರೀ ಸೀಸ. "ನಮ್ಮ ಹಣೇಬರ ಭಿ ಸೀಸಾನೇ" ಎಂದು ನಕ್ಕುಬಿಟ್ಟರು. ಮರುದಿನ ಅದೆಲ್ಲವೂ ಹೊಳೆಯ ಅಂಬಿಗರ ಪಾಲಾಯಿತು. ಅವರು ಕರಗಿಸಿ ಬಲೆಯ ಅಂಚಿಗೆ ಗುಂಡು ಎರಕ ಹೊಯ್ದುಕೊಂಡರು. ನಮಗೆ ನಾಲ್ಕು ದಿನ ಮೀನು ಬಂತು. ಗಡಿಗೆಯ ಚೂರುಗಳು ಬದುವಿನ ಆಚೆಗೆ ಹೋದವು. ಆಡಲೆಂದು ನಾನು ಒಂದು ಬಿಲ್ಲೆಯನ್ನು ಬಚ್ಚಿಟ್ಟುಕೊಂಡಿದ್ದೆ. ಒಂದು ಮಗ್ಗುಲಲ್ಲಿ ಆನೆ. ಇನ್ನೊಂದರಲ್ಲಿ ಕೂಡುಗೆರೆಯ ನಾಲ್ಕು ತುದಿಗೆ ನಾಲ್ಕು ಉಂಗುರ.

ಮೂವತ್ತು ವರ್ಷಗಳ ಮೇಲೆ ಅದನ್ನು ನಾಣ್ಯಗಳನ್ನು ಬಲ್ಲ ವಿದ್ವಾಂಸರೊಬ್ಬರಿಗೆ ತೋರಿಸಿದೆ. ನೋಡಿದೊಡನೆ ಅವರ ಮುಖ ಅರಳಿತು. ಶಾತವಾಹನರದು ಎಂದರು. ಆಮೇಲೆ ಒಂದೊಂದಾಗಿ ಕೇಳತೊಡಗಿದರು. ಎಷ್ಟು ನಾಣ್ಯಗಳಿದ್ದವು? ಎಲ್ಲದರ ಮೇಲೂ ಆನೆಯೇ ಇತ್ತೋ, ಬೇರೆ ಗುರುತುಗಳಿದ್ದವೋ? ಗಡಿಗೆಯ ಬಣ್ಣ ಯಾವುದು, ಕಂಠ ಹೇಗಿತ್ತು? ಸುತ್ತ ಇಟ್ಟಿಗೆ ಇತ್ತೇ, ಬೂದಿ ಇತ್ತೇ? ಹೊಲದ ಯಾವ ಮೂಲೆ? ನನ್ನಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ದೊಡ್ಡಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಹೊಲ ಬೇರೆಯವರ ಪಾಲಾಗಿ, ಬದುಗಳು ಮಾಯವಾಗಿ, ನೆಲ ಸಮತಟ್ಟಾಗಿತ್ತು. ವಿದ್ವಾಂಸರು ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟು, "ಇದು ಈಗ ಸೀಸ ಮಾತ್ರ" ಎಂದರು. ಆ ಮಾತು ನನ್ನನ್ನು ಚುಚ್ಚಿದಷ್ಟು ಬೇರೆ ಯಾವುದೂ ಚುಚ್ಚಿಲ್ಲ.

ಅವರ ಮಾತಿನ ಅರ್ಥ ತಿಳಿಯಲು ಸಾಹಿತ್ಯಪ್ರಿಯರಿಗೆ ಕಷ್ಟವಾಗದು. ಪದವೊಂದನ್ನು ವಾಕ್ಯದಿಂದ ಕಿತ್ತು ಕೊಟ್ಟರೆ ನಿಘಂಟಿನ ಅರ್ಥ ಹೇಳಬಹುದು. ಕವಿ ಏನು ಹೇಳಿದನೆಂದು ಹೇಳಲಾಗದು. ಸೀಸದ ನಾಣ್ಯ ಚಿಲ್ಲರೆ ನಾಣ್ಯ. ಹೊನ್ನು ಸಮುದ್ರ ದಾಟಿ ಹೋಗುತ್ತದೆ; ಚಿಲ್ಲರೆ ಸಾಮಾನ್ಯವಾಗಿ ಸಂತೆಯ ಸುತ್ತಲೇ ಸುತ್ತುತ್ತದೆ. ಗಡಿಗೆ ತುಂಬ ಚಿಲ್ಲರೆ ಇತ್ತೆಂದರೆ ಹತ್ತಿರದಲ್ಲಿ ಪೇಟೆಯೊಂದು ಇದ್ದಿರಬಹುದು. ಬೇರೆ ಬೇರೆ ರಾಜರ ನಾಣ್ಯಗಳಿದ್ದಿದ್ದರೆ, ಕೊನೆಯ ರಾಜನ ಹೆಸರಿನಿಂದ ಗಡಿಗೆ ಹೂತ ಕಾಲ ತಿಳಿಯುತ್ತಿತ್ತು. ಬೂದಿ ಇದ್ದಿದ್ದರೆ ಬೆಂಕಿಗೋ ದಾಳಿಗೋ ಹೆದರಿ ಓಡಿದ ಒಬ್ಬ ವ್ಯಾಪಾರಿಯ ಕಥೆ ಹೊರಡುತ್ತಿತ್ತೇನೋ. ಅಂತೂ ಆ ಹೊಲ ಒಂದು ಊರಿನ ಕೊನೆಯ ಪುಟವಾಗಿತ್ತು. ನಾವು ಆ ಪುಟವನ್ನು ನಾಲ್ಕು ದಿನದ ಮೀನಿಗೆ ಮಾರಿದೆವು. ದೊಡ್ಡಪ್ಪನದು ಅಜ್ಞಾನ; ಅದಕ್ಕೆ ಕ್ಷಮೆಯಿದೆ. ಯಂತ್ರ ಹಿಡಿದು ರಾತ್ರಿಯಲ್ಲಿ ಹೊಲ ಹೊಕ್ಕು, ಗುಳಿ ತೋಡಿ, ಲೋಹವನ್ನು ಮಾತ್ರ ಆರಿಸಿಕೊಂಡು, ಉಳಿದುದನ್ನು ಚೆಲ್ಲಿ ಹೋಗುವವನದು ಅಜ್ಞಾನವಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನವೂ ನಮ್ಮ ನೆಲದಲ್ಲಿದೆ. ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿ ಇರುವುದು ಜೇವರ್ಗಿಯ ಸೀಮೆಯಲ್ಲಿ. ಅದೇ ಜೇವರ್ಗಿಯ ಸುತ್ತ ಹಿಂದಿನವರ ಕಲ್ಗುಪ್ಪೆಗಳ ಸಮಾಧಿಗಳಿವೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್, ಠಕ್ಕರ ಕಥೆಯನ್ನು ಕಾದಂಬರಿಯಾಗಿಸಿದ ಅದೇ ಟೇಲರ್, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅವುಗಳಲ್ಲಿ ಕೆಲವನ್ನು ಅಗೆಸಿದ. ಅವನ ಕಾಲಕ್ಕೆ ಇಂಥ ಯಂತ್ರವೇ ಹುಟ್ಟಿರಲಿಲ್ಲ. ಆದರೆ ಮಣ್ಣಿನ ಪದರಗಳು ಹೇಗಿವೆ, ಎಲುಬು ಎಲ್ಲಿದೆ, ಮಡಕೆ ಎಲ್ಲಿದೆ, ಕಬ್ಬಿಣದ ಆಯುಧ ಎಲ್ಲಿದೆ ಎಂದು ಗುಳಿಯನ್ನು ಕತ್ತರಿಸಿ ತೋರಿಸಿದಂತೆ ಚಿತ್ರ ಬರೆದಿಟ್ಟ. ನೂರು ವರ್ಷಗಳ ನಂತರವೂ ಪುರಾತತ್ತ್ವಜ್ಞರು ಆ ಚಿತ್ರಗಳನ್ನು ಮೆಚ್ಚಿದರು. ವಸ್ತುವಿಗಿಂತ ಅದು ಇದ್ದ ಜಾಗ ದೊಡ್ಡದೆಂಬುದನ್ನು ಅವನು ಕಂಡುಕೊಂಡಿದ್ದ.

ಮಸ್ಕಿಯ ಕಥೆ ಇನ್ನೂ ಸ್ವಾರಸ್ಯದ್ದು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಆ ಗುಡ್ಡದ ಬಂಡೆಯ ಮೇಲಿನ ಬರಹವನ್ನು ಕಂಡ. ಅಶೋಕನ ಶಾಸನಗಳು ಅದುವರೆಗೆ 'ದೇವಾನಾಂಪ್ರಿಯ' ಎಂಬಂಥ ಬಿರುದುಗಳನ್ನು ಮಾತ್ರ ಹೇಳುತ್ತಿದ್ದವು; ಅವನು ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಶಾಸನ ಮಸ್ಕಿಯದು. ಚಿನ್ನದ ಹುಡುಕಾಟದ ದಾರಿಯಲ್ಲಿದ್ದವನಿಗೆ ಸಿಕ್ಕಿದ್ದು ಒಂದು ಹೆಸರು. ಆ ಬಂಡೆಯನ್ನು ಅವನು ಒಡೆದು ನೋಡದೆ, ಬಲ್ಲವರಿಗೆ ತಿಳಿಯುವಂತೆ ಮಾಡಿದ್ದರಿಂದ ಭಾರತದ ಚರಿತ್ರೆಗೆ ಒಂದು ಗಟ್ಟಿ ಆಧಾರ ದೊರೆಯಿತು.

ಹಾಗೆಂದು ಯಂತ್ರವನ್ನೇ ದೂರುವುದು ನ್ಯಾಯವಲ್ಲ. ಅಮೆರಿಕದ ಲಿಟಲ್ ಬಿಗ್‌ಹಾರ್ನ್ ರಣಭೂಮಿಯಲ್ಲಿ 1984ರಲ್ಲಿ ಪುರಾತತ್ತ್ವಜ್ಞರು ಇದೇ ಯಂತ್ರ ಹಿಡಿದು ಸಾಲಾಗಿ ನಡೆದರು. ಧ್ವನಿ ಬಂದಲ್ಲೆಲ್ಲ ಬಾವುಟ ನೆಟ್ಟು, ಸಿಕ್ಕ ಪ್ರತಿಯೊಂದು ತೋಟಾ ಗುಂಡಿನ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿದರು. 1876ರ ಆ ಕಾಳಗದಲ್ಲಿ ಯಾರು ಎಲ್ಲಿಂದ ಎಲ್ಲಿಗೆ ಸರಿದರೆಂಬುದು ಆ ನಕ್ಷೆಯಿಂದ ಹೊರಟಿತು. ಇಂಗ್ಲೆಂಡಿನಲ್ಲಿ ಹೊಲದ ಒಡೆಯನ ಒಪ್ಪಿಗೆ ಪಡೆದು ಹವ್ಯಾಸಿಗಳು ಯಂತ್ರ ಆಡಿಸುವುದುಂಟು. ನಿಧಿ ಸಿಕ್ಕರೆ 1996ರ ಕಾಯಿದೆಯಂತೆ ವರದಿ ಮಾಡಬೇಕು. 2009ರಲ್ಲಿ ಸ್ಟಾಫರ್ಡ್‌ಶೈರಿನ ಉತ್ತ ಹೊಲವೊಂದರಲ್ಲಿ ಸುಮಾರು 4 ಕಿಲೋ ತೂಕದ ಬಂಗಾರದ ಕುಸುರಿ ಕೆಲಸಗಳು ಹೀಗೆಯೇ ಸಿಕ್ಕವು. ಮೌಲ್ಯ ಕಟ್ಟಿ, ಆ ಹಣವನ್ನು ಕಂಡವನಿಗೂ ರೈತನಿಗೂ ಹಂಚಲಾಯಿತು.

ನಮ್ಮಲ್ಲಿ ಕಾನೂನು ಬೇರೆ. 1878ರ ನಿಧಿ ಕಾಯಿದೆ, ನೆಲದಲ್ಲಿ ಹುದುಗಿದ 10 ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿತು. ವಾರಸುದಾರರಿಲ್ಲದಿದ್ದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಕಂಡವನಿಗೆ ಮುಕ್ಕಾಲು, ನೆಲದ ಒಡೆಯನಿಗೆ ಕಾಲು ಎಂದೂ, ಸರ್ಕಾರವೇ ಬೇಕೆಂದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕೆಂದೂ ಅದು ಹೇಳಿತು. ಮುಚ್ಚಿಟ್ಟವನು ಪಾಲನ್ನೂ ಕಳೆದುಕೊಂಡು ಶಿಕ್ಷೆಗೂ ಗುರಿಯಾಗುತ್ತಿದ್ದ. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯಿದೆ ಇದೆ. ನೂರು ವರ್ಷಕ್ಕೆ ಮೇಲ್ಪಟ್ಟ ವಸ್ತುಗಳನ್ನು ಪುರಾತನವೆಂದು ಎಣಿಸಿ ಅವುಗಳ ಸಾಗಾಟವನ್ನು ಹಿಡಿತಕ್ಕೆ ತಂದ 1972ರ ಕಾಯಿದೆ ಬೇರೆ ಇದೆ. ಸಂರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ.

ಕಾಯಿದೆಗಳು ಇಷ್ಟಿದ್ದರೂ ರೈತ ಬಾಯಿ ಬಿಡುವುದಿಲ್ಲವೇಕೆ? ಅದನ್ನು ನಾವು ಪೇಟೆಯವರು ತಿಳಿದುಕೊಳ್ಳಬೇಕು. ಹೇಳಿದರೆ ಹೊಲ ಹೋದೀತೆಂಬ ಭಯ. ಕಚೇರಿಗೆ ಅಲೆಯಬೇಕಾದೀತೆಂಬ ಭಯ. ಹತ್ತು ಸಿಕ್ಕಿದ್ದರೆ ನೂರು ಎಲ್ಲಿ ಎಂದು ಕೇಳಿಯಾರೆಂಬ ಭಯ. ಒಂದು ಬೆಳೆ ಕೈತಪ್ಪಿದರೆ ವರ್ಷವೇ ಮುಳುಗುವವನಿಗೆ ಚರಿತ್ರೆಯ ಉಪದೇಶ ಮಾಡುವುದು ಸುಲಭ. ಅವನ ಭಯವನ್ನು ಕಳೆಯುವ ಹೊಣೆ ಹೊರದೆ ಅವನಿಂದ ಪ್ರಾಮಾಣಿಕತೆಯನ್ನು ಮಾತ್ರ ಕೇಳುವುದು ಸರಿಯಲ್ಲ. ಹಳ್ಳಿಯ ಶಾಲೆಯ ಮಾಸ್ತರನು, ಪಂಚಾಯಿತಿಯವನು, ಓದಿದ ಮಗನು ಈ ನಡುವೆ ನಿಲ್ಲಬಲ್ಲರು. ಅವರು ಮಾಡಬೇಕಾದದ್ದು ದೊಡ್ಡದೇನಲ್ಲ. ಸಿಕ್ಕಿದ್ದನ್ನು ತೊಳೆಯಬಾರದು, ತಿಕ್ಕಬಾರದು, ಕರಗಿಸಬಾರದು. ಗುಳಿಯನ್ನು ದೊಡ್ಡದು ಮಾಡಬಾರದು. ಬದುವಿನಿಂದ ಎಷ್ಟು ಹೆಜ್ಜೆ, ಎಷ್ಟು ಗೇಣು ಆಳ, ಜೊತೆಗೆ ಏನಿತ್ತು ಎಂದು ಒಂದು ಹಾಳೆಯಲ್ಲಿ ಬರೆದಿಡಬೇಕು. ಗಡಿಗೆಯ ಚೂರನ್ನೂ ಎತ್ತಿಡಬೇಕು. ಆಮೇಲೆ ತಹಶೀಲ್ದಾರರಿಗೋ ಪುರಾತತ್ತ್ವ ಇಲಾಖೆಗೋ ತಿಳಿಸಬೇಕು. ನನ್ನ ಬಾಲ್ಯದಲ್ಲಿ ಅಂಥ ಒಂದು ಹಾಳೆ ಇದ್ದಿದ್ದರೆ!

ಕಲಬುರಗಿಯ ವಸ್ತುಸಂಗ್ರಹಾಲಯ ಎರಡು ಹಳೆಯ ಗುಮ್ಮಟಗಳಲ್ಲಿದೆ. ಅಲ್ಲಿಗೆ ಹೋದಾಗಲೆಲ್ಲ ನಾನು ವಸ್ತುವಿಗಿಂತ ಮೊದಲು ನೋಡುವುದು ಅದರ ಕೆಳಗಿನ ಚೀಟಿಯನ್ನು. ಊರಿನ ಹೆಸರಿದ್ದರೆ ಮನಸ್ಸಿಗೆ ಸಮಾಧಾನವಾಗುತ್ತದೆ.

ಇನ್ನು ಆ ಮುದುಕರಿಗೆ ನಾನು ಕೊಡಬೇಕಾಗಿದ್ದ ಉತ್ತರ. "ಹಿಡೀತದ ಕಾಕಾ. ಆದ್ರ ಅದು ಹಿಡಿಯೋದು ಬಂಗಾರ ಅಷ್ಟೇ. ಆ ಬಂಗಾರ ಇಟ್ಟಾಂವ ಯಾರು, ಯಾಕ ಇಟ್ಟ, ಯಾಕ ತಿರುಗಿ ಬರಲಿಲ್ಲ, ಅದು ನಿಮ್ಮ ಹೊಲದ ಮಣ್ಣಿಗಷ್ಟೇ ಗೊತ್ತದ. ಆ ಮಣ್ಣು ಕೆದರಿದ್ರ ಮತ್ತ ಯಾರಿಗೂ ಗೊತ್ತಾಗಲ್ಲ." ಅವರು ಇದನ್ನು ಒಪ್ಪುತ್ತಿದ್ದರೋ ಇಲ್ಲವೋ ಹೇಳಲಾರೆ. ಎತ್ತಿನ ಬೆಲೆ, ಬೀಜದ ಸಾಲ, ಮಗಳ ಮದುವೆ ಇವುಗಳ ಮುಂದೆ ನನ್ನ ಮಾತು ಹಗುರಾಗಿ ಕಂಡಿದ್ದರೂ ಆಶ್ಚರ್ಯವಿಲ್ಲ. ಆದರೆ ಆ ಸೀಸದ ಬಿಲ್ಲೆಯನ್ನು ಅವರ ಅಂಗೈಯಲ್ಲಿಟ್ಟು ನಮ್ಮ ಗಡಿಗೆಯ ಕಥೆ ಹೇಳಿದ್ದರೆ, ಅವರು ಅದನ್ನು ಸ್ವಲ್ಪ ಹೊತ್ತು ತಿರುವಿ ನೋಡುತ್ತಿದ್ದರೆಂದು ನನಗೆ ಅನಿಸುತ್ತದೆ.